ಸೂಕ್ಷ್ಮ ಮಾಡೆಲ್ ರೈಲನ್ನು ಮುರಿಯದೆ ಹಿಡಿಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬಸವನಗುಡಿಯ ನಮ್ಮ ಮನೆಯಲ್ಲಿ ಒಂದು ಕೋಣೆ ಪೂರ್ತಿ ಮಾಡೆಲ್ ರೈಲಿಗೇ ಬಿಟ್ಟಿದ್ದೇವೆ. ನೋಡಲು ಬರುವವರು, ಹೊಸದಾಗಿ ಇಂಜಿನ್ ಕೊಂಡು ಫೋನ್ ಮಾಡುವವರು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಓಡುತ್ತಾ ಓಡುತ್ತಾ ಕೆಟ್ಟ ಇಂಜಿನ್‌ಗಳನ್ನು ನಾನು ನೋಡಿದ್ದು ಕಡಿಮೆ. ಪೆಟ್ಟಿಗೆಯಿಂದ ತೆಗೆದು ಹಳಿಯ ಮೇಲೆ ಇಡುವ ಅರ್ಧ ನಿಮಿಷದಲ್ಲಿ ಪೆಟ್ಟಾದವೇ ಜಾಸ್ತಿ. ಅದಕ್ಕೇ ಇಲ್ಲಿ ಆ ಅರ್ಧ ನಿಮಿಷದ ಬಗ್ಗೆಯೇ ಹೆಚ್ಚು ಬರೆದಿದ್ದೇನೆ.

ಮಕ್ಕಳ ಆಟದ ರೈಲು ಕೆಳಗೆ ಬಿದ್ದರೂ ಏನೂ ಆಗಲ್ಲ. ಇದು ಮುಟ್ಟಿದರೆ ಮುರಿಯುತ್ತೆ. ಯಾಕೆ?

ಲೆಕ್ಕ ಹಾಕಿ ನೋಡಿ, ಗೊತ್ತಾಗುತ್ತದೆ. ನಮ್ಮಲ್ಲಿ ಹೆಚ್ಚಿನವರ ಹತ್ತಿರ ಇರುವುದು ಎಚ್‌ಒ ಅಳತೆಯ ಮಾಡೆಲ್. ಅಂದರೆ ನಿಜವಾದ ರೈಲಿನ 87ನೇ ಒಂದು ಪಾಲು. ಇಂಜಿನ್ ಬಾಗಿಲ ಪಕ್ಕದಲ್ಲಿ ಡ್ರೈವರ್ ಹಿಡಿದು ಹತ್ತುವ ಕಂಬಿ 3 ಸೆಂಟಿಮೀಟರ್ ದಪ್ಪ ಇದೆ ಅಂದುಕೊಳ್ಳಿ. ಮಾಡೆಲ್‌ನಲ್ಲಿ ಅದು ಸುಮಾರು 0.35 ಮಿಲಿಮೀಟರ್ ಆಗುತ್ತದೆ. ಅಷ್ಟು ಸಣ್ಣ ತಂತಿ ಅಥವಾ ಪ್ಲಾಸ್ಟಿಕ್ಕನ್ನು ಒಂದು ಪುಟ್ಟ ತೂತಿಗೆ ಸಿಕ್ಕಿಸಿ, ಒಂದು ಹನಿ ಅಂಟು ಹಾಕಿರುತ್ತಾರೆ. ಹಾರ್ನ್, ವೈಪರ್, ಏಣಿ, ಬ್ರೇಕ್ ಪೈಪ್ ಎಲ್ಲವೂ ಹೀಗೇ.

ಆಟಿಕೆಯಲ್ಲಿ ಇವೆಲ್ಲ ಬಾಡಿಯ ಜೊತೆಗೇ ಅಚ್ಚಿನಲ್ಲಿ ಮೂಡಿರುತ್ತವೆ. ಕಂಬಿ ಅಂದರೆ ಗೋಡೆಯ ಮೇಲಿನ ಒಂದು ಗೀರು, ಅಷ್ಟೇ. ಅದಕ್ಕೇ ಮುರಿಯುವುದಿಲ್ಲ. ಒಳ್ಳೆಯ ಮಾಡೆಲ್‌ನಲ್ಲಿ ಅದೇ ಕಂಬಿ ಬಾಡಿಯಿಂದ ಒಂದು ಕೂದಲೆಳೆ ಆಚೆ ನಿಂತಿರುತ್ತದೆ. ಬೆಳಕು ಬಿದ್ದಾಗ ಅದರ ನೆರಳು ಬಾಡಿಯ ಮೇಲೆ ಬೀಳುತ್ತದೆ. ನಾವು ದುಡ್ಡು ಕೊಟ್ಟಿದ್ದೇ ಆ ನೆರಳಿಗೆ ಅಲ್ವಾ?

ಹಾಗಾದರೆ ಎಲ್ಲಿ ಹಿಡಿಯಬೇಕು?

ಎಲ್ಲಿ ಭಾರ ಇದೆಯೋ ಅಲ್ಲಿ. ಮುಟ್ಟುವ ಮುಂಚೆ ಸುತ್ತಲೂ ಒಂದು ಸಲ ಕಣ್ಣಾಡಿಸಿ. ಯಾವುದು ಗಟ್ಟಿ, ಯಾವುದು ಅಂಟಿಸಿದ್ದು ಅನ್ನುವುದನ್ನು ಮೊದಲು ಗುರುತಿಸಿ, ಆಮೇಲೆ ಕೈ ಹಾಕಿ.

ಡೀಸೆಲ್ ಇಂಜಿನ್‌ನಲ್ಲಿ ಎರಡು ಬೋಗಿಗಳ ನಡುವೆ ಕೆಳಗಡೆ ಇಂಧನದ ಟ್ಯಾಂಕ್ ಇರುತ್ತದಲ್ಲ, ಅದೇ ಒಳ್ಳೆಯ ಜಾಗ. (ನಾವು ಕೋಚಿಗೂ ಬೋಗಿ ಅನ್ನುತ್ತೇವೆ. ಇಲ್ಲಿ ಹೇಳುತ್ತಿರುವುದು ಕೆಳಗಿನ ಚಕ್ರದ ಗಾಡಿ.) ಟ್ಯಾಂಕಿನ ಎರಡೂ ಬದಿಗೆ ಹೆಬ್ಬೆರಳು, ನಡುಬೆರಳು ಇಟ್ಟು, ತೋರುಬೆರಳನ್ನು ಸುಮ್ಮನೆ ಆಸರೆಗೆ ಇಟ್ಟರೆ ಸಾಕು. ಎತ್ತಿದ ತಕ್ಷಣ ಇನ್ನೊಂದು ಕೈಯ ಅಂಗೈಯನ್ನು ಕೆಳಗೆ ಕೊಡಿ. ಇಂಜಿನ್ ಒಳಗೆ ಲೋಹದ ದಿಂಡು ಇರುವುದರಿಂದ ನೋಡಿದ್ದಕ್ಕಿಂತ ಭಾರ ಇರುತ್ತದೆ. ಭಾರ ಗೊತ್ತಾದ ಕೂಡಲೇ ಕೈ ತಾನಾಗಿ ಬಿಗಿಯುತ್ತದೆ. ಹಾಗೆ ಬಿಗಿದಾಗಲೇ ಕಂಬಿ ಕಿತ್ತು ಬರುವುದು.

ಎಲೆಕ್ಟ್ರಿಕ್ ಇಂಜಿನ್‌ನ ಚಾವಣಿಯ ಮೇಲೆ ಕೈ ಇಡಲೇಬೇಡಿ. ಇನ್ಸುಲೇಟರ್, ಪ್ಯಾಂಟೋಗ್ರಾಫ್ (ಮೇಲಿನ ತಂತಿಯಿಂದ ಕರೆಂಟ್ ತೆಗೆದುಕೊಳ್ಳುವ ಮಡಚುವ ಚೌಕಟ್ಟು) ಎಲ್ಲ ಅಲ್ಲೇ ಇರುತ್ತವೆ. ಸ್ಟೀಮ್ ಇಂಜಿನ್ ಆದರೆ ಎರಡು ಕೈ ಬೇಕೇ ಬೇಕು. ಇಂಜಿನ್‌ಗೂ ಅದರ ಹಿಂದಿನ ಟೆಂಡರ್‌ಗೂ (ಕಲ್ಲಿದ್ದಲು, ನೀರು ಹೊರುವ ಗಾಡಿ) ನಡುವೆ ಒಂದು ಸಣ್ಣ ಕೊಂಡಿ, ಹಲವು ಮಾಡೆಲ್‌ಗಳಲ್ಲಿ ಕೂದಲಿನಂಥ ವೈರುಗಳೂ ಇರುತ್ತವೆ. ಇಂಜಿನ್ ಮಾತ್ರ ಎತ್ತಿದರೆ ಟೆಂಡರ್ ಆ ವೈರಿನ ಮೇಲೆ ಜೋತಾಡುತ್ತದೆ. ಚಕ್ರದ ಪಕ್ಕದ ರಾಡುಗಳನ್ನು ಹಿಡಿದು ಎತ್ತಬಾರದು. ಅವು ಸ್ವಲ್ಪ ಬಾಗಿದರೂ ಇಂಜಿನ್ ಕುಂಟುತ್ತದೆ.

ಕೋಚುಗಳಿಗೆ ಉದ್ದವೇ ತೊಂದರೆ. ನಮ್ಮ ಹಳೆಯ ನೀಲಿ ಐಸಿಎಫ್ (ಚೆನ್ನೈನ ಇಂಟೆಗ್ರಲ್ ಕೋಚ್ ಫ್ಯಾಕ್ಟರಿ) ಕೋಚ್ 21.3 ಮೀಟರ್. ಎಚ್‌ಒ ಅಳತೆಯಲ್ಲಿ ಹತ್ತಿರ ಹತ್ತಿರ 24.5 ಸೆಂಟಿಮೀಟರ್. ಒಂದು ತುದಿ ಹಿಡಿದು ಎತ್ತಿದರೆ ಇನ್ನೊಂದು ತುದಿಯ ಕಪ್ಲಿಂಗ್ (ಪಕ್ಕದ ಕೋಚಿಗೆ ಜೋಡಿಸುವ ಕೊಕ್ಕೆ) ಹಳಿಗೆ ತಗುಲಿ ಬಾಗುತ್ತದೆ. ಎರಡೂ ತುದಿಯಿಂದ ಒಂದಿಷ್ಟು ಒಳಗೆ, ಬಾಡಿಯ ಕೆಳ ಅಂಚಿನಲ್ಲಿ ಹಿಡಿಯಿರಿ. ಕಿಟಕಿಯ ಮೇಲೆ ಒತ್ತಬೇಡಿ, ಗಾಜು ಒಳಗೆ ಬೀಳುತ್ತದೆ. ಅದನ್ನು ಕೂರಿಸಲು ಇಡೀ ಕೋಚ್ ಬಿಚ್ಚಬೇಕು.

ಪೆಟ್ಟಿಗೆಯಿಂದ ಹೊರಗೆ ಬರುವುದೇ ಇಲ್ಲ, ಬಿಗಿಯಾಗಿದೆ. ಎಳೆಯಬಹುದಾ?

ಬೇಡ. ಬೆರಳು ತೂರಿಸಿ ಎಳೆಯುವಾಗಲೇ ಅರ್ಧ ಅನಾಹುತ ಆಗುವುದು.

ಮಂಚದ ಮೇಲೆ ಒಂದು ಟವೆಲ್ ಹಾಸಿ ಅಲ್ಲಿ ಕೂತು ಬಿಚ್ಚಿ. ಟೀಪಾಯಿಯ ಮೇಲೆ ಬೇಡ. ಹೆಚ್ಚಿನ ಪೆಟ್ಟಿಗೆಗಳಲ್ಲಿ ಇಂಜಿನ್ ಸುತ್ತ ತೆಳುವಾದ ಪ್ಲಾಸ್ಟಿಕ್ ಹಾಳೆ ಸುತ್ತಿರುತ್ತಾರೆ. ಬಹಳ ಜನ ಅದನ್ನು ಮೊದಲು ಕಿತ್ತು ಬಿಸಾಕುತ್ತಾರೆ. ಆದರೆ ಅದೇ ತೊಟ್ಟಿಲು. ಎರಡು ಅಂಚು ಹಿಡಿದು ನಿಧಾನಕ್ಕೆ ಮೇಲಕ್ಕೆತ್ತಿದರೆ ಇಂಜಿನ್ ತಾನೇ ಬರುತ್ತದೆ. ಹಾಳೆ ಇಲ್ಲದಿದ್ದರೆ ಒಳಗಿನ ಟ್ರೇಯನ್ನೇ ಹೊರಗೆ ತೆಗೆದು, ಅಂಗೈ ಮುಚ್ಚಿ ತಲೆಕೆಳಗು ಮಾಡಿ, ಇಂಜಿನ್ ಅಂಗೈಗೆ ಇಳಿಯಲಿ. ಕೆಲವು ಇಂಜಿನ್‌ಗಳನ್ನು ತಳಕ್ಕೆ ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಬರದೇ ಇದ್ದರೆ ತಿರುಗಿಸಿ ಕೆಳಗೆ ನೋಡಿ.

ಪೆಟ್ಟಿಗೆಯ ಮೂಲೆಯಲ್ಲಿ ಚಿಕ್ಕ ಪ್ಲಾಸ್ಟಿಕ್ ಚೀಲ ಇದೆಯಾ ನೋಡಿ. ಕೌಕ್ಯಾಚರ್ (ಹಳಿಯ ಮೇಲಿನ ಅಡೆತಡೆ ತಳ್ಳುವ ಮುಂದಿನ ಜಾಲರಿ), ಬ್ರೇಕ್ ಪೈಪ್, ಬೇರೆ ಕಪ್ಲಿಂಗ್ ಅದರಲ್ಲಿರುತ್ತವೆ. ಕಸ ಅಂತ ಎಸೆದು ಆಮೇಲೆ ಹುಡುಕಿದವರು ತುಂಬಾ ಜನ.

ಕೈಗವಸು ಹಾಕಿಕೊಳ್ಳಬೇಕಾ?

ಹತ್ತಿಯ ಗವಸು ಬೇಡ. ಅದರ ನೂಲು ಕಂಬಿಗೆ ಸಿಕ್ಕಿಕೊಳ್ಳುತ್ತದೆ. ಹಿತ್ತಾಳೆಯಿಂದ ಮಾಡಿದ, ಬಣ್ಣ ಹಾಕದ ಮಾಡೆಲ್ ಇದ್ದರೆ ಬೆವರಿನ ಗುರುತು ಉಳಿದು ಕಪ್ಪಾಗುತ್ತದೆ, ಅದಕ್ಕೆ ಮಾತ್ರ ತೆಳು ನೈಟ್ರೈಲ್ ಗವಸು. ಉಳಿದವಕ್ಕೆ ಸೋಪಿನಲ್ಲಿ ತೊಳೆದು ಒರೆಸಿದ ಬರಿಗೈ ಸಾಕು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಬಂದ ಕೈ, ಸ್ಯಾನಿಟೈಸರ್ ಒದ್ದೆ ಇರುವ ಕೈ ಎರಡೂ ಬೇಡ. ಸ್ಯಾನಿಟೈಸರ್‌ನ ಆಲ್ಕೋಹಾಲ್ ಬಾಡಿಯ ಮೇಲೆ ಅಚ್ಚಾದ ನಂಬರುಗಳನ್ನು ಅಳಿಸಬಹುದು. ಉಂಗುರ, ಬಳೆ, ವಾಚು ಬಿಚ್ಚಿಡಿ. ಉದ್ದ ತೋಳಿನ ಅಂಗಿ ಆದರೆ ಮಡಚಿಕೊಳ್ಳಿ. ದುಪಟ್ಟಾ, ಸೆರಗು ಹಿಂದಕ್ಕೆ ಸಿಕ್ಕಿಸಿ. ಹಳಿಯ ಆಚೆ ಕಡೆಗೆ ಕೈ ಚಾಚುವಾಗ ಈಚೆ ಕಡೆಯ ಸಿಗ್ನಲ್ ಕಂಬ ಮುರಿಯುವುದು ಇವುಗಳಿಂದಲೇ.

ಹಳಿಯ ಮೇಲೆ ಕೂರಿಸಲು ಆಗುತ್ತಿಲ್ಲ. ಒಂದು ಚಕ್ರ ಕೂತರೆ ಇನ್ನೊಂದು ಇಳಿಯುತ್ತದೆ.

ಮೇಲಿನಿಂದ ನೋಡಬೇಡಿ. ಕಣ್ಣನ್ನು ಹಳಿಯ ಮಟ್ಟಕ್ಕೆ ತನ್ನಿ. ಮೊಣಕಾಲೂರಿ ಕೂತರೂ ಪರವಾಗಿಲ್ಲ. ತಿರುವಿನಲ್ಲಿ ಇಡಬೇಡಿ, ನೇರ ಹಳಿಯಲ್ಲಿ ಇಡಿ. ಕರೆಂಟ್ ಆಫ್ ಇರಲಿ. ಒಂದು ತುದಿಯ ಬೋಗಿಯನ್ನು ಮೊದಲು ಕೂರಿಸಿ, ಆಮೇಲೆ ಇನ್ನೊಂದನ್ನು. ಬೋಗಿ ಓರೆಯಾಗಿದ್ದರೆ ಬಾಡಿಯನ್ನು ಅಲ್ಲಾಡಿಸಬೇಡಿ. ಹಲ್ಲುಕಡ್ಡಿಯಿಂದ ಬೋಗಿಯನ್ನು ಮೆಲ್ಲಗೆ ತಿರುಗಿಸಿ. ಚಕ್ರ ಹಳಿಯೊಳಗೆ ಇಳಿದಾಗ ಒಂದು ಸಣ್ಣ ‘ಟಿಕ್’ ಕೇಳಿಸುತ್ತದೆ. ಎಲ್ಲಾ ಚಕ್ರ ಕೂತ ಮೇಲೆ ಬಾಡಿ ಒಂಚೂರೂ ಕುಲುಕುವುದಿಲ್ಲ.

ಇದು ಕಷ್ಟ ಅನ್ನಿಸಿದರೆ ರೀರೇಲರ್ ಅನ್ನುವ ಇಳಿಜಾರು ಪಟ್ಟಿ ಸಿಗುತ್ತದೆ. ಹಳಿಯ ಮೇಲೆ ಇಟ್ಟು ಕೋಚನ್ನು ಅದರ ಮೇಲಿನಿಂದ ಜಾರಿಸಿದರೆ ತಾನಾಗಿ ಕೂರುತ್ತದೆ. 1:160 ಅಳತೆಯ ಎನ್ ಮಾಡೆಲ್ ಇರುವವರಿಗೆ ಇದು ಇದ್ದರೆ ಒಳ್ಳೆಯದು. ಅಲ್ಲಿ ಹಳಿಯ ಅಗಲವೇ, ಅಂದರೆ ಎರಡು ಕಂಬಿಗಳ ನಡುವಿನ ಅಂತರವೇ, 9 ಮಿಲಿಮೀಟರ್.

ಇನ್ನೊಂದು ವಿಷಯ. ಎಚ್‌ಒ ಹಳಿಯ ಅಗಲ 16.5 ಮಿಲಿಮೀಟರ್. ಅದು 1435 ಮಿಲಿಮೀಟರ್‌ನ ಸ್ಟ್ಯಾಂಡರ್ಡ್ ಗೇಜ್‌ಗೆ ಸರಿಯಾದ ಲೆಕ್ಕ. ನಮ್ಮ ರೈಲ್ವೆಯ ಬ್ರಾಡ್ ಗೇಜ್ 1676 ಮಿಲಿಮೀಟರ್, ಅಂದರೆ ಸುಮಾರು 19.3 ಬರಬೇಕು. ಹಾಗಾಗಿ ಭಾರತೀಯ ಇಂಜಿನ್‌ಗಳು 16.5ರ ಹಳಿಯ ಮೇಲೆ ಸ್ವಲ್ಪ ಕಾಲು ಕೂಡಿಸಿ ನಿಂತ ಹಾಗೆ ಕಾಣುತ್ತವೆ. ನಿಮ್ಮ ಮಾಡೆಲ್ ತಪ್ಪಿಲ್ಲ, ಗಾಬರಿ ಬೇಡ. ನಮ್ಮ ಮೆಟ್ರೋ ಓಡುವುದು ಮಾತ್ರ ಸ್ಟ್ಯಾಂಡರ್ಡ್ ಗೇಜ್ ಮೇಲೆ. ಯಾರಾದರೂ ಮೆಟ್ರೋ ಮಾಡೆಲ್ ಮಾಡಿದರೆ ಆ ಹಳಿ ಅದಕ್ಕೆ ಸರಿಯಾಗಿ ಹೊಂದುತ್ತದೆ. ನನಗೆ ಈ ವಿಷಯ ಗೊತ್ತಾದ ದಿನ ತುಂಬಾ ಖುಷಿಯಾಗಿತ್ತು.

ಕರೆಂಟ್ ಇಲ್ಲದಾಗ ಇಂಜಿನ್ನನ್ನು ಕೈಯಲ್ಲಿ ತಳ್ಳಬಹುದಾ?

ತಳ್ಳಬೇಡಿ. ಹೆಚ್ಚಿನ ಇಂಜಿನ್‌ಗಳಲ್ಲಿ ಮೋಟಾರಿನಿಂದ ಚಕ್ರಕ್ಕೆ ಶಕ್ತಿ ಹೋಗುವುದು ವರ್ಮ್ ಗೇರಿನ ಮೂಲಕ. ಮೋಟಾರ್ ಚಕ್ರವನ್ನು ತಿರುಗಿಸಬಹುದು, ಚಕ್ರ ಮೋಟಾರನ್ನು ತಿರುಗಿಸಲಾರದು. ಒತ್ತಿ ತಳ್ಳಿದರೆ ಪ್ಲಾಸ್ಟಿಕ್ ಗೇರಿನ ಹಲ್ಲು ಸವೆಯುತ್ತದೆ, ಇಲ್ಲವೇ ಬಿರುಕು ಬಿಡುತ್ತದೆ. ಕೋಚು, ವ್ಯಾಗನ್ ತಳ್ಳಬಹುದು.

ಪ್ಯಾಂಟೋಗ್ರಾಫ್ ಎತ್ತುವುದು, ಇಳಿಸುವುದು ಹೇಗೆ?

ಹಲ್ಲುಕಡ್ಡಿಯ ತುದಿಯಿಂದ. ಮೇಲಿನ ಅಡ್ಡಪಟ್ಟಿಯ ಮಧ್ಯಕ್ಕೆ ಕಡ್ಡಿ ಕೊಟ್ಟು ಮೇಲೆತ್ತಿ. ಇಳಿಸುವಾಗಲೂ ಮಧ್ಯದಲ್ಲೇ ಒತ್ತಿ, ಕೊಕ್ಕೆಗೆ ಸಿಕ್ಕಿಸಿ. ಒಂದು ಮೂಲೆ ಒತ್ತಿದರೆ ಇಡೀ ಚೌಕಟ್ಟು ತಿರುಚಿಕೊಳ್ಳುತ್ತದೆ, ಆಮೇಲೆ ಎಷ್ಟೇ ಸರಿ ಮಾಡಿದರೂ ಒಂದು ಕಡೆ ವಾಲುತ್ತದೆ. ಪೆಟ್ಟಿಗೆಗೆ ಹಾಕುವ ಮುಂಚೆ ಕೆಳಗಿದೆಯಾ ಅಂತ ಪ್ರತಿ ಸಲ ನೋಡಿ.

ಎರಡು ಕೋಚ್ ಬಿಡಿಸುವಾಗ ಕಪ್ಲಿಂಗ್ ಕೈಗೆ ಬಂತು. ಮುರಿಯಿತಾ?

ಇಲ್ಲದಿರಬಹುದು. ಈಗಿನ ಬಹಳ ಮಾಡೆಲ್‌ಗಳಲ್ಲಿ ಕಪ್ಲಿಂಗ್ ಒಂದು ಸಣ್ಣ ಕಿಸೆಯೊಳಗೆ ಕೂತಿರುತ್ತದೆ. ಬದಲಾಯಿಸಲೆಂದೇ ಹಾಗೆ ಮಾಡಿರುತ್ತಾರೆ. ನೇರವಾಗಿ ಒತ್ತಿ ವಾಪಸ್ ಕೂರಿಸಿ. ಮುಂದಿನ ಸಲ ಒಂದು ಕೋಚ್ ಹಿಡಿದು ಎತ್ತುವ ಮುಂಚೆ ಕೊಕ್ಕೆ ಬಿಟ್ಟಿದೆಯಾ ನೋಡಿ. ಬಿಡದೇ ಎತ್ತಿದರೆ ಪಕ್ಕದ ಕೋಚೂ ಜೊತೆಗೆ ಎದ್ದು, ಗಾಳಿಯಲ್ಲಿ ಬಿಟ್ಟುಕೊಂಡು ಬೀಳುತ್ತದೆ.

ಧೂಳು ಒರೆಸುವುದು ಹೇಗೆ?

ಒರೆಸಬೇಡಿ, ಗುಡಿಸಿ. ಈ ಪಾಠ ನನಗೆ ಒಂದು ಹಾರ್ನಿನ ಬೆಲೆಗೆ ಸಿಕ್ಕಿತು.

ನಮ್ಮ ತಂದೆಯ ಹಳೆಯ ಪಂಚೆ, ತೊಳೆದು ತೊಳೆದು ಹೂವಿನಷ್ಟು ಮೆತ್ತಗಾಗಿತ್ತು. ಇದಕ್ಕಿಂತ ನಯವಾದ ಬಟ್ಟೆ ಎಲ್ಲಿದೆ ಅಂದುಕೊಂಡು ಡೀಸೆಲ್ ಇಂಜಿನ್ ಚಾವಣಿಯ ಮೇಲೆ ಒಂದು ಸಲ ಆಡಿಸಿದೆ. ಏನೂ ಸದ್ದಾಗಲಿಲ್ಲ. ಬಟ್ಟೆ ಎತ್ತಿದಾಗ ಅದರ ಒಂದು ಎಳೆ ಹಾರ್ನಿನ ಕುತ್ತಿಗೆಗೆ ಸುತ್ತಿಕೊಂಡಿತ್ತು. ಹಾರ್ನ್ ಇರಲಿಲ್ಲ. ಜೋಡಿ ಹಾರ್ನಿನಲ್ಲಿ ಒಂದು ಉಳಿದಿತ್ತು, ಇನ್ನೊಂದರ ಜಾಗದಲ್ಲಿ ಸಾಸಿವೆಗಿಂತ ಚಿಕ್ಕದಾದ ಬಿಳಿ ಚುಕ್ಕೆ. ಬಟ್ಟೆ ಮೆತ್ತಗಿದ್ದರೆ ಸಾಲದು, ಅದರಲ್ಲಿ ಎಳೆ ಇರಬಾರದು.

ಮುಖಕ್ಕೆ ಪೌಡರ್ ಹಚ್ಚುವ ದಪ್ಪ ಮೇಕಪ್ ಬ್ರಷ್ ಹೊಸದೊಂದು ತಂದು ಇದಕ್ಕೆ ಮಾತ್ರ ಇಟ್ಟುಕೊಳ್ಳಿ. ಮೇಲಿನಿಂದ ಕೆಳಕ್ಕೆ, ಕಂಬಿ ಯಾವ ದಿಕ್ಕಿಗೆ ಓಡುತ್ತದೋ ಅದೇ ದಿಕ್ಕಿಗೆ. ಅಡ್ಡಕ್ಕೆ ಬೇಡ. ಸಂದಿಗಳಿಗೆ ನಂಬರ್ 2ರ ಸಣ್ಣ ಪೇಂಟಿಂಗ್ ಬ್ರಷ್. ಕಂಪ್ಯೂಟರ್‌ಗೆ ಬಳಸುವ ಗಾಳಿ ಡಬ್ಬಿಯನ್ನು ಹತ್ತಿರದಿಂದ ಬಿಡಬೇಡಿ. ಸಡಿಲವಾದ ಭಾಗ ಹಾರಿ ಹೋದರೆ ಯಾವ ದಿಕ್ಕಿಗೆ ಹೋಯಿತು ಅನ್ನುವುದೂ ತಿಳಿಯುವುದಿಲ್ಲ.

ಬೆಂಗಳೂರಿನಲ್ಲಿ ಧೂಳಿಗೆ ಕಡಿಮೆ ಇಲ್ಲ. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದರಂತೂ ಸಿಮೆಂಟು, ಎಂ-ಸ್ಯಾಂಡ್ ಪುಡಿ ಎಲ್ಲ ಒಳಗೇ. ಆ ಪುಡಿ ಗಡುಸು. ಒರೆಸಿದರೆ ಬಣ್ಣದ ಮೇಲೆ ಗೀರು ಬೀಳುತ್ತದೆ. ಇದೂ ಒಂದು ಕಾರಣ.

ಚಕ್ರ ಕಪ್ಪಾಗಿ ಇಂಜಿನ್ ನಿಂತು ನಿಂತು ಓಡುತ್ತಿದೆ. ಏನು ಹಾಕಲಿ?

ಒಂದು ಟಿಶ್ಯೂ ಕಾಗದವನ್ನು ಹಳಿಯ ಅಡ್ಡಕ್ಕೆ ಹಾಸಿ ಐಸೋಪ್ರೊಪೈಲ್ ಆಲ್ಕೋಹಾಲ್ ನಾಲ್ಕು ಹನಿ ಹಾಕಿ. ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಐಪಿಎ ಅಂತ ಕೇಳಿದರೆ ಕೊಡುತ್ತಾರೆ. ಇಂಜಿನ್‌ನ ಒಂದು ಬೋಗಿ ಕಾಗದದ ಮೇಲೆ, ಇನ್ನೊಂದು ಬರಿ ಹಳಿಯ ಮೇಲೆ ಇರಲಿ. ಮೆಲ್ಲಗೆ ಕರೆಂಟ್ ಕೊಟ್ಟು, ಇಂಜಿನ್ನನ್ನು ಹಗುರವಾಗಿ ಹಿಡಿದುಕೊಂಡರೆ ಚಕ್ರಗಳು ಕಾಗದದ ಮೇಲೆ ಉಜ್ಜಿಕೊಂಡು ಕಪ್ಪು ಗೆರೆ ಬಿಡುತ್ತವೆ. ಆಮೇಲೆ ತಿರುಗಿಸಿ ಇನ್ನೊಂದು ಬೋಗಿ. ಕಿಟಕಿ ತೆರೆದಿರಲಿ, ದೇವರ ದೀಪ ಹತ್ತಿರ ಇರಬಾರದು. ಐಪಿಎ ಬೇಗ ಹೊತ್ತಿಕೊಳ್ಳುತ್ತದೆ.

ಚಕ್ರಗಳನ್ನು ಅಚ್ಚಿನ (ಆಕ್ಸಲ್) ಮೇಲೆ ಒತ್ತಿ ಕೂರಿಸಿರುತ್ತಾರೆ. ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ ನಿಜವಾದ ಗಾಲಿಗಳಿಗೆ ಮಾಡುವುದೂ ಅದೇ ಕೆಲಸ, ಅಲ್ಲಿ ದೊಡ್ಡ ಪ್ರೆಸ್‌ನಲ್ಲಿ. ನಮ್ಮ ಪುಟ್ಟ ಚಕ್ರವನ್ನು ಬೆರಳಲ್ಲಿ ತಿರುಚಿ ಉಜ್ಜಿದರೆ ಎರಡು ಚಕ್ರದ ನಡುವಿನ ಅಂತರ ಬದಲಾಗಿ, ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ಬಂದಲ್ಲೆಲ್ಲ ಹಳಿ ತಪ್ಪುತ್ತದೆ.

ಎಣ್ಣೆ ವಿಚಾರದಲ್ಲಿ ಒಂದೇ ಮಾತು. ಹೊಲಿಗೆ ಮಿಷನ್ ಎಣ್ಣೆ, ಬೀಗಕ್ಕೆ ಹೊಡೆಯುವ ಸ್ಪ್ರೇ ಬೇಡ. ಪ್ಲಾಸ್ಟಿಕ್ಕಿಗೆ ಹೊಂದುವ ಮಾಡೆಲ್ ಎಣ್ಣೆ, ಸೂಜಿ ತುದಿಯಲ್ಲಿ ನಿಂತಷ್ಟು. ಕೆಲವು ಚಕ್ರಕ್ಕೆ ಹಿಡಿತಕ್ಕೆಂದು ರಬ್ಬರ್ ಪಟ್ಟಿ ಇರುತ್ತದೆ, ಅದಕ್ಕೆ ಎಣ್ಣೆ ತಾಗಿದರೆ ಉಬ್ಬಿ ಬಿಚ್ಚಿಕೊಳ್ಳುತ್ತದೆ.

ಒಂದು ಭಾಗ ಮುರಿದು ಕೆಳಗೆ ಬಿತ್ತು. ಈಗೇನು ಮಾಡಲಿ?

ನಿಂತಲ್ಲೇ ನಿಲ್ಲಿ. ಫ್ಯಾನ್ ಆಫ್ ಮಾಡಿಸಿ. ಕೆಲಸದವರಿಗೆ ಇವತ್ತು ಆ ಕೋಣೆ ಗುಡಿಸಬೇಡಿ ಅಂತ ಹೇಳಿ. ಮೊಬೈಲಿನ ಟಾರ್ಚನ್ನು ನೆಲದ ಮಟ್ಟಕ್ಕೆ ಮಲಗಿಸಿ ಹಿಡಿದರೆ ಸಣ್ಣ ಭಾಗಕ್ಕೂ ಉದ್ದ ನೆರಳು ಬೀಳುತ್ತದೆ. ಮೊಸಾಯಿಕ್ ನೆಲದಲ್ಲಿ ಕಣ್ಣಿಗೆ ಕಾಣದ್ದು ಹೀಗೆ ಕಾಣುತ್ತದೆ. ಕಾರ್ಪೆಟ್ ಆದರೆ ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ತೆಳುವಾದ ಕಾಲುಚೀಲ ಕಟ್ಟಿ ಎಳೆಯಿರಿ. ಭಾಗ ಬಟ್ಟೆಗೆ ಅಂಟಿಕೊಂಡು ನಿಲ್ಲುತ್ತದೆ.

ಸಿಕ್ಕ ಕೂಡಲೇ ಅಂಟಿಸಲು ಹೋಗಬೇಡಿ. ಮನಸ್ಸು ಕೆಟ್ಟಿರುವಾಗ ಕೈ ನಡುಗುತ್ತದೆ. ಬೆಂಕಿಪೊಟ್ಟಣದೊಳಗೆ ಹಾಕಿ ಮೇಲೆ ಇಂಜಿನ್ ನಂಬರ್ ಬರೆದಿಡಿ.

ಮರುದಿನ ಹಗಲು ಬೆಳಕಲ್ಲಿ ಕೂರಿ. ಫೆವಿಕ್ವಿಕ್ ಥರದ ಅಂಟು ಬಹಳ ಜನರ ಕೈಗೆ ಮೊದಲು ಬರುತ್ತದೆ. ಅದರ ಹೊಗೆ ಕಿಟಕಿ, ಹೆಡ್‌ಲೈಟ್ ಗಾಜುಗಳ ಮೇಲೆ ಕೂತು ಬಿಳಿ ಮಂಜು ಹಿಡಿಸುತ್ತದೆ. ಗಾಜಿನ ಹತ್ತಿರ ಇದ್ದರೆ ಬಿಳಿ ಫೆವಿಕಾಲ್ ಸಾಕು, ಒಣಗಿದರೆ ಕಾಣುವುದಿಲ್ಲ, ತಪ್ಪಾದರೆ ಒದ್ದೆ ಬ್ರಷ್‌ನಿಂದ ತೆಗೆಯಬಹುದು. ಗಟ್ಟಿ ಹಿಡಿತ ಬೇಕಾದ ಕಡೆ ಮಾತ್ರ ಫೆವಿಕ್ವಿಕ್. ಅದನ್ನೂ ಟ್ಯೂಬಿನಿಂದ ನೇರ ಹಾಕದೆ, ಒಂದು ಹನಿಯನ್ನು ಹಳೆಯ ಸಿ.ಡಿ. ಮೇಲೆ ಬಿಟ್ಟು, ಗುಂಡುಸೂಜಿ ಅದ್ದಿ ಮುಟ್ಟಿಸಿ. ಭಾಗವನ್ನು ಬೆರಳಲ್ಲಿ ಹಿಡಿಯಬೇಡಿ. ಚಿಮುಟ ಜಾಸ್ತಿ ಒತ್ತಿದರೆ ಅದು ಚಿಮ್ಮಿ ಹಾರುತ್ತದೆ. ನಾನು ಹಲ್ಲುಕಡ್ಡಿಯ ತುದಿಗೆ ಚೂರು ಜೇನುಮೇಣ ಹಚ್ಚಿ ಅದರಲ್ಲಿ ಎತ್ತುತ್ತೇನೆ.

ಎಲ್ಲಿ ಇಡಬೇಕು? ನಮ್ಮದು ಅಪಾರ್ಟ್‌ಮೆಂಟ್, ಸಜ್ಜದ ಮೇಲೆ ಜಾಗ ಇದೆ.

ಸಜ್ಜ ಬೇಡ. ಮೇಲಿನ ಮಹಡಿ ಆದರೆ ಏಪ್ರಿಲ್‌ನಲ್ಲಿ ಅಲ್ಲಿ ಕಾವು ಜಾಸ್ತಿ, ಮಳೆಗಾಲದಲ್ಲಿ ಗೋಡೆ ಒದ್ದೆ ಹಿಡಿಯುತ್ತದೆ. ಬೆಂಗಳೂರಿನ ಹವೆ ಒಟ್ಟಿನಲ್ಲಿ ಈ ಹವ್ಯಾಸಕ್ಕೆ ಒಳ್ಳೆಯದೇ. ಕರಾವಳಿಯ ಉಪ್ಪುಗಾಳಿ ನಮಗಿಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗಿನ ತೇವಕ್ಕೆ ಮಾತ್ರ ದಾರಿ ಮಾಡಬೇಕು. ಒಳಗಿನ ಗೋಡೆಗೆ ತಾಗಿದ ಬೀರು ಸಾಕು. ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಡಿ, ಬಣ್ಣ ಬದಲಾದಾಗ ಹೊಸದು ಹಾಕಿ.

ಇದೊಂದನ್ನು ದಯವಿಟ್ಟು ನೆನಪಿಡಿ: ಅದೇ ಬೀರುವಿನಲ್ಲಿ ನುಸಿಗುಳಿಗೆ ಇರಬಾರದು. ರೇಷ್ಮೆ ಸೀರೆಗೆ ಹಾಕುವ ನ್ಯಾಫ್ತಲಿನ್ ಆವಿ ಕೆಲವು ಪ್ಲಾಸ್ಟಿಕ್ಕುಗಳನ್ನು ಮೆತ್ತಗೆ ಮಾಡುತ್ತದೆ. ರಬ್ಬರ್ ಬ್ಯಾಂಡ್ ಸುತ್ತಬೇಡಿ, ಬಣ್ಣಕ್ಕೆ ಅಂಟುತ್ತದೆ. ಗುಳ್ಳೆ ಪ್ಲಾಸ್ಟಿಕ್ ನೇರವಾಗಿ ಸುತ್ತಿದರೆ ಗುಳ್ಳೆಗಳ ಗುರುತು ಬಾಡಿಯ ಮೇಲೆ ಉಳಿಯಬಹುದು. ಹಳೆಯ ಪೆಟ್ಟಿಗೆಗಳ ಸ್ಪಂಜು ಕೆಲವು ವರ್ಷಕ್ಕೆ ಕರಗಿ ಬೆಲ್ಲದ ಪಾಕದ ಹಾಗೆ ಅಂಟಂಟಾಗುತ್ತದೆ. ವರ್ಷಕ್ಕೊಮ್ಮೆ ಬೆರಳಲ್ಲಿ ಒತ್ತಿ ನೋಡಿ.

ದಸರಾ ಗೊಂಬೆ ಜೊತೆ ರೈಲು ಓಡಿಸಬೇಕು ಅಂತ ಮಕ್ಕಳ ಆಸೆ. ಓಡಿಸಬಹುದಾ?

ಖಂಡಿತ. ಪೆಟ್ಟಿಗೆಯಲ್ಲೇ ಇಟ್ಟು ಏನು ಮಾಡುವುದು? ನಮ್ಮ ಮನೆಯಲ್ಲೂ ಪಟ್ಟದ ಗೊಂಬೆಯ ಮೆಟ್ಟಿಲ ಕೆಳಗೆ ಒಂಬತ್ತು ದಿನವೂ ರೈಲು ಓಡುತ್ತದೆ. ಆದರೆ ಅತಿ ಸೂಕ್ಷ್ಮವಾದ ಇಂಜಿನ್ ಅಲ್ಲ, ಗಟ್ಟಿಯಾದದ್ದು.

ನೆಲದ ಮೇಲೆ ಹಳಿ ಹಾಕಬೇಡಿ. ಆರತಿಗೆ ಬಂದವರ ಸೀರೆ ಅಂಚು ಸಾಕು. ಒಂದು ಹಲಗೆ ಎತ್ತರಿಸಿ, ಮುಂದೆ ಅಂಗೈ ಎತ್ತರದ ಅಕ್ರಿಲಿಕ್ ಪಟ್ಟಿ ನಿಲ್ಲಿಸಿ. ಅರಿಶಿನ ಕುಂಕುಮದ ತಟ್ಟೆ, ಊದುಬತ್ತಿ ಹಳಿಯಿಂದ ದೂರ ಇರಲಿ. ಕುಂಕುಮ ಗೇರಿನೊಳಗೆ ಹೋದರೆ ತೆಗೆಯುವುದು ಬಹಳ ಕಷ್ಟ. ಚಕ್ಕುಲಿ ತಿಂದ ಕೈಗೆ ಮೊದಲು ನೀರು.

ಮಕ್ಕಳಿಗೆ ‘ಮುಟ್ಟಬೇಡ’ ಅಂತ ಮಾತ್ರ ಹೇಳಿದರೆ ಆಗುವುದಿಲ್ಲ. ಏನು ಮುಟ್ಟಬಹುದು ಅಂತಲೂ ಹೇಳಬೇಕು. ಕಂಟ್ರೋಲರಿನ ಗುಂಡಿ ಅವರ ಕೈಗೆ ಕೊಡಿ. ನಮ್ಮ ತಂಗಿಯ ಮಗಳಿಗೆ ಐದು ವರ್ಷ ಇದ್ದಾಗ ಒಂದು ವ್ಯಾಗನ್ ಕೊಟ್ಟು, ಕಣ್ಣು ಮುಚ್ಚಿ ಬೆರಳ ತುದಿಯಲ್ಲಿ ಅದರ ಏಣಿ ಎಲ್ಲಿದೆ ಹುಡುಕು ಅಂದೆ. ಉಸಿರು ಬಿಗಿ ಹಿಡಿದು ಹುಡುಕಿದಳು. ಸಿಕ್ಕಿದಾಗ ‘ಮಾಮ, ಇದು ನನ್ನ ಉಗುರಿಗಿಂತ ಸಣ್ಣಕ್ಕಿದೆ’ ಅಂದಳು. ಆಮೇಲೆ ಅವಳಿಗೆ ನಾನು ಹಿಡಿಯುವುದು ಹೇಗೆ ಅಂತ ಹೇಳಿಕೊಡಬೇಕಾಗಲಿಲ್ಲ.

ಸ್ನೇಹಿತರ ಮನೆಗೆ ತೆಗೆದುಕೊಂಡು ಹೋಗಬೇಕು. ಹೇಗೆ?

ಮಾಡೆಲ್ ಬಂದ ಅದರದೇ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಮಲಗಿಸಿ, ಬ್ಯಾಗಿನಲ್ಲಿ. ಬ್ಯಾಗು ತೊಡೆಯ ಮೇಲೆ ಇರಲಿ. ಆಟೋದಲ್ಲಾಗಲಿ ಕಾರಿನಲ್ಲಾಗಲಿ ನಮ್ಮ ರೋಡ್ ಹಂಪುಗಳ ಏಟನ್ನು ಸೀಟಿಗಿಂತ ತೊಡೆ ಚೆನ್ನಾಗಿ ತಡೆಯುತ್ತದೆ. ಸ್ಕೂಟರಿನ ಡಿಕ್ಕಿಯಲ್ಲಿ ಬೇಡ, ಅಲ್ಲಿ ಬಿಸಿಯೂ ಜಾಸ್ತಿ. ಮೆಟ್ರೋ ಎಲ್ಲಕ್ಕಿಂತ ವಾಸಿ. ಎಕ್ಸ್‌ರೇ ಮಿಷನ್‌ನಿಂದ ಮಾಡೆಲ್‌ಗೆ ಏನೂ ಆಗುವುದಿಲ್ಲ. ಬೆಲ್ಟ್ ಮೇಲೆ ಬ್ಯಾಗ್ ಮಲಗಿಸಿ, ಹಿಂದಿನಿಂದ ಭಾರದ ಬ್ಯಾಗ್ ಬಂದು ಗುದ್ದುವ ಮುಂಚೆ ಎತ್ತಿಕೊಳ್ಳಿ.

ಹಳೆಯ ಮಾಡೆಲ್ ಕೊಳ್ಳುತ್ತಿದ್ದೇನೆ. ಏನು ನೋಡಬೇಕು?

ಎರಡನೇ ಕೈಯ ಇಂಜಿನ್ ಒಂದನ್ನು ನಾನು ಫೋಟೋ ನೋಡಿ ಕೊಂಡಿದ್ದೆ. ಮಾರಿದವರು ಸುದ್ದಿಪತ್ರಿಕೆಯಲ್ಲಿ ಸುತ್ತಿ ಕಳಿಸಿದ್ದರು. ಬಂದಾಗ ಎರಡು ಬಫರ್ (ಇಂಜಿನ್ ತುದಿಯಲ್ಲಿ ಗುದ್ದು ತಡೆಯುವ ದುಂಡು ಬಿಲ್ಲೆ) ಪೆಟ್ಟಿಗೆಯ ತಳದಲ್ಲಿ ಬೇರೆ ಬಿದ್ದಿದ್ದವು. ಅವು ಸಿಕ್ಕಿದ್ದರಿಂದ ಅಂಟಿಸಿಕೊಂಡೆ. ಅದಕ್ಕೇ ಸುತ್ತಿದ್ದ ಕಾಗದವನ್ನು ಕೊಡವದೇ ಎಸೆಯಬೇಡಿ. ಆಗುವುದಾದರೆ ಹೋಗಿ ನೋಡಿಯೇ ಕೊಳ್ಳಿ.

ಕೆಳಗಿನ ಲೋಹದ ಭಾಗದಲ್ಲಿ ಕೂದಲೆಳೆ ಬಿರುಕು, ಉಬ್ಬು, ಬಾಗು ಇದೆಯಾ ನೋಡಿ. ಹಳೆಯ ಸತುವಿನ ಮಿಶ್ರಲೋಹದಲ್ಲಿ ಸೀಸದಂಥ ಕಲಬೆರಕೆ ಸೇರಿದ್ದರೆ ವರ್ಷಗಳು ಕಳೆದಂತೆ ಅದು ಒಳಗಿಂದಲೇ ಊದಿ ಪುಡಿಯಾಗುತ್ತದೆ. ಝಿಂಕ್ ಪೆಸ್ಟ್ ಅನ್ನುತ್ತಾರೆ. ಅದಕ್ಕೆ ಮದ್ದಿಲ್ಲ. ಅಂಥದ್ದನ್ನು ಎತ್ತುವಾಗ ಪೂರ್ತಿ ಅಂಗೈ ಕೊಡಿ, ಎರಡು ಬೆರಳ ನಡುವೆ ಒತ್ತಿದರೆ ತುಂಡಾಗುತ್ತದೆ. ಜರ್ಮನಿಯ ಮಾರ್ಕ್ಲಿನ್ ಕಂಪನಿಯ ಮೂರು ಹಳಿಯ ಇಂಜಿನ್ ಆದರೆ ಹೊಟ್ಟೆಯ ಕೆಳಗಿನ ಉದ್ದನೆಯ ಕರೆಂಟ್ ಪಟ್ಟಿ ನೇರ ಇದೆಯಾ, ಸ್ಪ್ರಿಂಗಿನಂತೆ ಒತ್ತಿದರೆ ವಾಪಸ್ ಬರುತ್ತದಾ ನೋಡಿ.

ಬಹಳ ವರ್ಷ ಓಡದೇ ಇದ್ದ ಇಂಜಿನ್ನನ್ನು ಮನೆಗೆ ತಂದ ದಿನವೇ ಓಡಿಸಬೇಡಿ. ಒಳಗಿನ ಗ್ರೀಸ್ ಗಟ್ಟಿಯಾಗಿ ಮೇಣದಂತಾಗಿರುತ್ತದೆ. ಬಿಚ್ಚಿ, ಹಳೆಯದನ್ನು ತೆಗೆದು, ಹೊಸದು ಚೂರು ಹಚ್ಚಿ. ಆಮೇಲೆ ಮುಂದಕ್ಕೆ ಅರ್ಧ ಗಂಟೆ, ಹಿಂದಕ್ಕೆ ಅರ್ಧ ಗಂಟೆ ನಿಧಾನಕ್ಕೆ ಓಡಿಸಿ. ಬಿಚ್ಚಲು ಬರದಿದ್ದರೆ ಗೊತ್ತಿದ್ದವರ ಜೊತೆ ಕೂತು ಬಿಚ್ಚಿ. ಪ್ರತಿ ಸ್ಕ್ರೂ ಎಲ್ಲಿಂದ ಬಂತು ಅಂತ ಫೋಟೋ ತೆಗೆದುಕೊಳ್ಳಿ, ಮುಂದಿನದೂ ಹಿಂದಿನದೂ ಒಂದೇ ಥರ ಕಂಡರೂ ಉದ್ದ ಬೇರೆ ಇರಬಹುದು.